ಕಡೇ ಚಾಪೆ

ಹೊಸ ಈಚಲು ಚಾಪೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ರಾಯದುರ್ಗದ ಬೆಟ್ಟದ ಬುಡದಲ್ಲಿದ್ದ ನಮ್ಮ ಪ್ರಾರ್ಥನೆಯ ಮನೆಯೊಳಗೆ ಮಂಡಿ ಮಡಚಿ ಕೂತುಬಿಡುತ್ತೇನೆ. ಮದರಾಸು ಸರ್ಕಾರದ ಕಾಲ ಅದು. ಸಗಣಿ ಸಾರಿಸಿದ ನೆಲ, ಸಾಲಾಗಿ ಹಾಸಿದ ಚಾಪೆಗಳು, ಹೆಂಗಸರ ತಲೆಯಿಂದ ಬರುವ ಸೀಗೆಕಾಯಿಯ ಘಮ, ಕೋಟೆಯ ಬಂಡೆಗೆ ಬಡಿದು ಮರಳುವ ಗಂಟೆಯ ದನಿ. ಮುಂದೆ ಮದರಾಸಿನ ಕಾಲೇಜಿನಲ್ಲಿ ಎಲ್ಲವನ್ನೂ ಸಂಶಯದಿಂದ ನೋಡಲು ಕಲಿತವನು ನಾನು. ಆ ಗಂಟೆಯನ್ನೂ ಸಂಶಯಿಸುತ್ತೇನೆ. ಅದು ಗಂಟೆಯೇ ಅಲ್ಲ, ತೂಗುಹಾಕಿದ ರೈಲು ಕಂಬಿಯ ತುಂಡು ಎನ್ನುತ್ತಾಳೆ ಮಡಕಶಿರದಲ್ಲಿರುವ ಅಕ್ಕ. ಇರಬಹುದು. ಅಜ್ಜಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ನೆನಪೂ ಒಂದೇ.

ಅಜ್ಜಿಗೆ ಕಿವಿ ಮಂದ. ಹಾಗಾಗಿ ಭಾನುವಾರ ಮೊದಲ ಚಾಪೆಯಲ್ಲಿ, ಪ್ರಾರ್ಥನೆ ನಡೆಸುವ ಉಪದೇಶಿಗಳ ಮುಖದೆದುರೇ ಕೂರುತ್ತಿದ್ದಳು. ಮನೆಗೆ ಬಂದು, ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದ ತಾತನ ಪಕ್ಕ ಕೂತು ಕೇಳಿದ್ದನ್ನೆಲ್ಲ ಒಪ್ಪಿಸುತ್ತಿದ್ದಳು. ತಾತನ ಪಾಲಿಗೆ ಬರುವ ದೇವರ ಮಾತು ಅದೊಂದೇ. ಒಮ್ಮೆ ಉಪದೇಶಿಗಳು ಸುವಾರ್ತೆಯ ಔತಣದ ಕಥೆ ಹೇಳಿದರು: ಕರೆದ ಮನೆಯಲ್ಲಿ ಮೇಲಿನ ಜಾಗಕ್ಕೆ ನುಗ್ಗಬೇಡಿ, ಕಡೆಯಲ್ಲಿ ಕೂತುಕೊಳ್ಳಿ, ಮನೆಯವನೇ ಬಂದು ಮೇಲಕ್ಕೆ ಕರೆಯುತ್ತಾನೆ. ನಮ್ಮ ಸಭೆಯವರು ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಜನ. ಯಾವಾಗಲೂ ಗಂಟೆ ಹೊಡೆದ ಮೇಲೆಯೇ ಬರುತ್ತಿದ್ದವರು ಮುಂದಿನ ವಾರ ಬಿಸಿಲೇರುವ ಮೊದಲೇ ಓಡೋಡಿ ಬಂದರು, ಕಡೇ ಚಾಪೆ ಹಿಡಿಯಲು. ಬಾಗಿಲ ಮೂಲೆಯಲ್ಲಿ ಅಜ್ಜಿ ಆಗಲೇ ಕೂತಿದ್ದಳು.

"ಏನಕ್ಕಾ, ಕಡೇ ಜಾಗಾನೂ ನಿನ್ನ ಹೆಸರಿಗೇ ಪಟ್ಟಾ ಆಗೇತೇನು?" ಎಂದು ಪಕ್ಕದ ಮನೆಯ ಸುಗುಣಮ್ಮ ಕಿವಿಯಲ್ಲೇ ಕೂಗಿದಳು.

"ನಿನಕಿಂತ ಸಣ್ಣಾಕಿ ಆಗಾಕ ಬಂದೀನಿ, ಆ ಕಡೆ ಸರಿ," ಎಂದು ಅಜ್ಜಿ ಮೊಣಕೈಯಿಂದ ತಿವಿದಳು.

ಜನವೆಲ್ಲ ಬಾಗಿಲ ಹತ್ತಿರ ಒತ್ತಿಕೊಂಡು ಕೂತರು. ಮುಂದಿನ ಚಾಪೆಗಳ ಮೇಲೆ ಒಂದು ಗುಬ್ಬಿ ಮಾತ್ರ ಕುಪ್ಪಳಿಸುತ್ತಿತ್ತು. "ಅಮ್ಮಾ, ನೀವಾದ್ರೂ ಮುಂದಕ್ಕ ಬರ್ರಿ, ನಿಮಗ ಕೇಳಂಗಿಲ್ಲ," ಎಂದು ಉಪದೇಶಿಗಳು ಕೈಬೀಸಿ ಕರೆದರು. ಅಜ್ಜಿ ತಲೆಯಾಡಿಸಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

ಮಧ್ಯಾಹ್ನ ತಾತ ದಿಂಬಿನಿಂದ ತಲೆಯೆತ್ತಿ ಕೇಳಿದ, "ಅಯ್ಯಾರು ಏನ್ ಹೇಳಿದ್ರು?"

"ತುಟಿ ಅಲ್ಲಾಡಿಸಿದ್ರು," ಎಂದಳು ಸುಳ್ಳು ಬಾರದ ಅಜ್ಜಿ. ನಾವು ಬಿದ್ದು ಬಿದ್ದು ನಕ್ಕೆವು. ತಾತ ನಗಲಿಲ್ಲ, ಗೋಡೆಯ ಕಡೆ ಹೊರಳಿದ. ಮರುವಾರವೂ ಅದೇ ಆಯಿತು. ಉಪದೇಶಿಗಳು ಕರೆದದ್ದನ್ನು ಅಕ್ಕ ಬಾಯಿಬಿಟ್ಟಾಗ ತಾತ ಅಜ್ಜಿಯನ್ನು ಹತ್ತಿರ ಕರೆದು ಗಟ್ಟಿಯಾಗಿ ಹೇಳಿದ, "ಕೆಳಗ ಕುಂದ್ರು ಅಂದ್ರ ಕುಂತಿ. ಮ್ಯಾಲಕ್ಕ ಬಾ ಅಂದ್ರ ಯಾಕ ಏಳಲಿಲ್ಲ? ಅದೂ ದೇವರ ಮಾತೇ ಅಲ್ಲೇನು?"

"ಎಲ್ಲಾರೂ ನೋಡ್ತಾರಲ್ರೀ. ನಾಚಿಕಿ ಆಗ್ತೈತಿ."

"ಆ ನಾಚಿಕಿ ನುಂಗು. ತಗ್ಗೋದು ಅಂದ್ರ ಅದೇ."

ಮುಂದಿನ ಭಾನುವಾರ ಉಪದೇಶಿಗಳು ಮತ್ತೆ ಕರೆದರು. ಅಜ್ಜಿ ಎದ್ದಳು. ನೆಲ ನೋಡುತ್ತ, ಹೊಸ ಮದುವಣಗಿತ್ತಿಯ ಹಾಗೆ ಹೆಜ್ಜೆಯಿಟ್ಟು ಅರ್ಧ ದಾರಿಗೆ ಬಂದವಳು ಥಟ್ಟನೆ ಹಿಂದಿರುಗಿ ಸುಗುಣಮ್ಮನ ಕೈ ಹಿಡಿದೆಳೆದಳು: "ಬಾರೇ, ನನ್ನೊಬ್ಬಾಕಿನ ಮ್ಯಾಲಕ್ಕ ಕಳಿಸಬ್ಯಾಡ!" ಇಡೀ ಸಭೆ ನಕ್ಕಿತು, ಉಪದೇಶಿಗಳೂ ನಕ್ಕರು. ಆ ನಗೆಯಲ್ಲೇ ಜನ ಒಬ್ಬೊಬ್ಬರಾಗಿ ಎದ್ದು ಮುಂದಿನ ಚಾಪೆಗಳನ್ನು ತುಂಬಿದರು. ಅವತ್ತು ಅಜ್ಜಿ ತಾತನಿಗೆ ಕೈಯಾಡಿಸಿ ಒಪ್ಪಿಸುತ್ತಲೇ ಇದ್ದಳು. ತಟ್ಟೆಯಲ್ಲಿ ಮುದ್ದೆ ಆರಿಹೋಯಿತು.

ಆ ಪ್ರಾರ್ಥನೆಯ ಮನೆ ಈಗಿಲ್ಲ, ಆ ಚಾಪೆಗಳೂ ಇಲ್ಲ. ತಾತ, ಅಜ್ಜಿ, ಸುಗುಣಮ್ಮ ಮೂವರೂ ಬೆಟ್ಟದ ಹಿಂದಿನ ಮಣ್ಣಿನಲ್ಲಿದ್ದಾರೆ. ಯಾರದು ಮೊದಲ ಸಾಲು, ಯಾರದು ಕಡೆಯದು ಎಂದು ಅಲ್ಲಿ ಹೇಳಲಾಗುವುದಿಲ್ಲ. ಎಲ್ಲಿಗೆ ಹೋದರೂ ನಾನು ಬಾಗಿಲ ಹತ್ತಿರವೇ ಕೂರುತ್ತೇನೆ. ಅದು ನಮ್ರತೆಯಲ್ಲ, ಬೇಕೆಂದಾಗ ಎದ್ದುಹೋಗುವ ಅನುಕೂಲ. ಆದರೂ ಯಾರೋ ಕೈಬೀಸಿ ಕರೆದಾರೇನೋ ಎಂದು ಆಗಾಗ ತಲೆಯೆತ್ತಿ ಮುಂದಕ್ಕೆ ನೋಡುತ್ತೇನೆ.