ಬಂಡೆಗೆ ಜೋತುಬಿದ್ದ ನಾಯಕನೂ ಎರಡು ಗಂಟೆಯ ಬಸ್ಸೂ

ಸ್ನೇಹಿತರೇ, ಇವತ್ತು ಮಹಾಪಾಪಿಯೊಬ್ಬನನ್ನು ಒಂದೇ ನಿಮಿಷದಲ್ಲಿ ಸಜ್ಜನನನ್ನಾಗಿ ಮಾಡಿದೆ.

ಹೊಳೆನರಸೀಪುರದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಪುಟ್ಟಮ್ಮಜ್ಜಿಗೆ ಓದು ಬರದು. ಬೀದಿಗೆಲ್ಲ ಇರುವ ಒಂದೇ ರೇಡಿಯೊ ಕೆಟ್ಟಿತ್ತು. ಸ್ಕೂಲಿಗೆ ರಜೆಯಲ್ಲವೇ ಎಂದು ಜಗಲಿಯಲ್ಲಿ ಕೂತು ಅವರಿಗೊಂದು ಸಾಹಸ ಕಾದಂಬರಿ ಓದಿ ಹೇಳುತ್ತಿದ್ದೆ. ಮನುಷ್ಯನೊಳಗೆ ಕೇಡು ಎಲ್ಲಿಂದ ಬರುತ್ತದೆ ಎಂದು ಹುಡುಕುವ ಕಥೆ. ನಾಯಕ ಬಂಡೆಗೆ ಜೋತುಬಿದ್ದಿದ್ದಾನೆ, ಕೇಡಿಗ ಮೇಲೆ ನಿಂತು ಅವನ ಬೆರಳು ತುಳಿಯುತ್ತಿದ್ದಾನೆ. ಅಷ್ಟರಲ್ಲಿ ಅರಕಲಗೂಡಿಗೆ ಹೋಗುವ ಎರಡು ಗಂಟೆಯ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಅಲ್ಲಿಗೆ ಹೆಣ್ಣು ನೋಡಲು ಹೋಗಬೇಕಿತ್ತು.

ಪುಸ್ತಕ ಮುಚ್ಚಹೊರಟರೆ ಅಜ್ಜಿ ಕೈ ಹಿಡಿದರು.

“ಮುಚ್ಬ್ಯಾಡಿ ಮೇಷ್ಟ್ರೇ! ಪುರಾಣ ಓದೋವಾಗ ಯಾರ್ನೂ ಕಷ್ಟದಲ್ಲಿ ಬುಟ್ಟು ಏಳ್ಬಾರ್ದು. ಅವ್ನು ಮ್ಯಾಲೆ ಬರ್ಲಿ, ಮಂಗಳಾರತಿ ಮಾಡ್ತೀನಿ, ಆಮೇಲೆ ಓಗಿ.”

“ಇದು ಪುರಾಣ ಅಲ್ಲಜ್ಜಿ, ಕಾದಂಬರಿ. ಅವನು ಮೇಲೆ ಬರೋಕೆ ಇನ್ನೂ ಅರವತ್ತು ಪುಟ ಇದೆ.”

“ಅಂಗಾದ್ರೆ ಓದಿ.”

ಮತ್ತೆ ಹಾರ್ನ್. ಪುಸ್ತಕ ನೋಡುತ್ತಲೇ, ಓದುವ ದನಿಯಲ್ಲೇ ಬುರುಡೆ ಬಿಟ್ಟೆ: “ಕೇಡಿಗನಿಗೆ ತಟ್ಟನೆ ಜ್ಞಾನೋದಯವಾಯಿತು. ನಾಯಕನನ್ನು ಮೇಲೆಳೆದುಕೊಂಡು, ತನ್ನ ತಂಗಿಯನ್ನೇ ಅವನಿಗೆ ಧಾರೆಯೆರೆದು ಕೊಟ್ಟನು.”

ಅಜ್ಜಿ ಕಣ್ಣೊರೆಸಿಕೊಂಡು ಪುಸ್ತಕಕ್ಕೆ ಕರ್ಪೂರ ಬೆಳಗಿದರು. ಪ್ರಸಾದದ ಬಾಳೆಹಣ್ಣು ಹಿಡಿದು ಓಟ ಕಿತ್ತೆ. ಹಿಂದಿನಿಂದ ಕೂಗಿದರು:

“ಅಲ್ಲಾ ಮೇಷ್ಟ್ರೇ, ಅಂಥಾ ಪಾಪಿ ಏಕಾಏಕಿ ಯಾಕ್ ಒಳ್ಳೇವ್ನಾದ?”

ಲೇಖಕರು ಮುನ್ನೂರು ಪುಟ ತಡಕಾಡಿದ ಪ್ರಶ್ನೆ ಇದು. ಉತ್ತರ ನನಗೊಬ್ಬನಿಗೇ ಗೊತ್ತು: ಬಸ್ಸಿಗೆ ಹೊತ್ತಾಗಿತ್ತು.