ಸುಂಕದ ರಿಯಾಯಿತಿ ಮತ್ತು ಬಾನುಬಿಯ ಕೌದಿ

ಆಲಮೇಲದ ಬಾನುಬಿ ತಾನು ಹೊಲಿದ ಯಾವ ಕೌದಿಯ ವಂಶಾವಳಿಯನ್ನೂ ಬಾಯಿಪಾಠ ಹೇಳಬಲ್ಲಳು. ಈ ತುಂಡು ಯಾರ ಸೀರೆಯದು, ಆ ತುಂಡು ಯಾವ ಕೂಸಿನ ಕುಂಚಿಗೆಯದು, ಎಲ್ಲ. ಇದು ಅತ್ತೆ ಮಾಬುಬಿ ಕಲಿಸಿದ ವಿದ್ಯೆ. ಜನ ಹಳೆಯ ಬಟ್ಟೆಯ ಗಂಟು ತಂದುಕೊಟ್ಟು ಕೌದಿ ಹೊಲಿಸುತ್ತಾರೆ. ತಿರುಗಿ ಒಪ್ಪಿಸುವಾಗ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಎಲ್ಲಿಂದ ಬಂತೆಂದು ಹೇಳಬೇಕು. ಇಲ್ಲದಿದ್ದರೆ ನಮ್ಮ ಬಟ್ಟೆ ಅವರ ಕೌದಿಗೆ ಹೋಯಿತೆಂದು ಜಗಳ. ಬಟ್ಟೆ ಕದಿಯುತ್ತಾಳೆ ಎಂಬ ಮಾತು ಒಮ್ಮೆ ಹುಟ್ಟಿದರೆ ಆಕೆಗೆ ಮತ್ತೆ ಯಾರೂ ಗಂಟು ಕೊಡುವುದಿಲ್ಲ.

ಗಂಡ ಮೈಬೂಬ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆಕೆ ಸಿಂದಗಿಯ ಬಸಂತರಾಯರ ಹೊಲಿಗೆ ಕಾರ್ಖಾನೆಗೆ ಸೇರಿದಳು. ಹದಿನೆಂಟು ಹೆಂಗಸರು, ಯುರೋಪಿನ ಮಕ್ಕಳಿಗೆ ಫ್ರಾಕು. ಬಾನುಬಿ ಬೆಳಗಿನ ಬಸ್ಸಿಗೆ ಹೋಗಿ, ಹೊಲಿದ ಬಟ್ಟೆಯನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದಳು. ಬಿಟ್ಟುಹೋದ ಹೊಲಿಗೆ ಅವಳ ಹೆಬ್ಬೆರಳಿಗೆ ಸಿಗದೆ ದಾಟಿದ್ದಿಲ್ಲ. ಆರು ವರ್ಷ ಆ ಮನೆ ನಿಂತದ್ದು ಅವಳ ಪಗಾರದ ಮೇಲೆ.

ನಾನು ಗುರುರಾಜ, ಸಿಂದಗಿಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿ ಹನ್ನೊಂದು ವರ್ಷವಾಯಿತು. ಮೂರು ವರ್ಷದ ಹಿಂದೆ ಒಂದು ದಿನ ಬಸಂತರಾಯರು ಹೇಳಿಕಳಿಸಿದರು. ಬಟ್ಟೆ ಕೊಳ್ಳುವ ಕಂಪನಿಯ ಒಬ್ಬ ಹೆಣ್ಣುಮಗಳು ಯುರೋಪಿನಿಂದ ತಪಾಸಣೆಗೆ ಬರುತ್ತಾಳೆ, ಅವಳ ಮಾತು ಇವರಿಗೆ, ಇವರ ಮಾತು ಅವಳಿಗೆ ಮುಟ್ಟಿಸಬೇಕು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಚಹಾ ಕುಡಿಯುತ್ತ ಅವಳೇ ನನಗೆ ವಿಷಯ ತಿಳಿಸಿದಳು. ಮುಂದುವರಿಯುತ್ತಿರುವ ದೇಶಗಳಿಂದ ಬರುವ ಬಟ್ಟೆಗೆ ಅವರಲ್ಲಿ ಸುಂಕ ಕಡಿಮೆ. ಆದರೆ ನಮ್ಮಂಥ ದೇಶಕ್ಕೆ ಒಂದು ಷರತ್ತು: ಅರಿವೆ ಇಲ್ಲೇ ನೇಯ್ದಿರಬೇಕು, ಇಲ್ಲೇ ಹೊಲಿದಿರಬೇಕು. ಬೇರೆ ದೇಶದ ಅರಿವೆ ತಂದು ಬರೀ ಹೊಲಿದು ಕಳಿಸಿದರೆ ಪೂರ್ತಿ ಸುಂಕ. ಎಲ್ಲ ಅರಿವೆಯೂ ಸೊಲ್ಲಾಪುರದ ಮಗ್ಗದ್ದೆಂದು ಬಸಂತರಾಯರು ಬರೆದುಕೊಟ್ಟಿದ್ದರು. ನಾನೂ ನಂಬಿದ್ದೆ.

ಆ ಹೆಣ್ಣುಮಗಳನ್ನು ಬರೀ ಕಬ್ಬಿಣದ ಕುರ್ಚಿಯ ಮೇಲೆ ಕೂರಿಸಲು ಬಾನುಬಿಗೆ ಮನಸ್ಸಾಗಲಿಲ್ಲ. ಓಡಿಹೋಗಿ, ಬಿಡುವಿನಲ್ಲಿ ಕಾರ್ಖಾನೆಯಲ್ಲೇ ಹೊಲಿದಿಟ್ಟಿದ್ದ ಹೊಸ ಕೌದಿ ತಂದು ಹಾಸಿದಳು. ಫ್ರಾಕಿನ ಅರಿವೆಯಿಂದ ಕತ್ತರಿಸಿ ಎಸೆದ ಅಂಚಿನ ಪಟ್ಟಿಗಳನ್ನೆಲ್ಲ ಕೂಡಿಸಿ ಹೊಲಿದ ಕೌದಿ. ಪಟ್ಟಿಗಳ ಮೇಲೆ ಯಾವುದೋ ಭಾಷೆಯ ಸಾಲುಸಾಲು ಅಕ್ಷರ ಅಚ್ಚಾಗಿತ್ತು. ಚಂದ ಕಂಡದ್ದರಿಂದ ಅವನ್ನೇ ಮೇಲ್ಮುಖ ಮಾಡಿದ್ದಳು. ಬಂದವಳು ಕೂರಲಿಲ್ಲ. ಬಗ್ಗಿ ಓದಿದಳು. ಅದು ಪರದೇಶದ ಗಿರಣಿಯ ಹೆಸರೆಂದು ನನಗೆ ಹೇಳಿ, ಇವು ಎಲ್ಲಿಯವೆಂದು ಕೇಳಿಸಿದಳು.

"ಬಾನುಬಿ, ಈ ತುಂಡು ಎಲ್ಲಿಂದ ಬಂದಾವು ಅಂತ ಕೇಳಾಕತ್ತಾರ."

ಬಾನುಬಿಯ ಮುಖ ಕೆಂಪಾಯಿತು. ಕಳವಿನ ಮಾತು ಬಂತೆಂದೇ ಅವಳು ತಿಳಿದಳು. "ಕದ್ದದ್ದಲ್ರಿ ಮಾಸ್ತರ್ರ. ಹೊರಗಿಂದು ಒಂದು ಎಳಿ ಇಲ್ಲ, ಎಲ್ಲಾ ಇದ ಕಾರಖಾನಿದ್ದು. ಸಾವ್ಕಾರ್ರನ್ನ ಕೇಳೇ ತಗೊಂಡೇನಿ." ಕೌದಿಯ ಮೇಲೆ ಬೆರಳಿಟ್ಟು ಶುರುಮಾಡಿದಳು. "ಈ ನೀಲಿದು ರಮಜಾನದಾಗ ಕಳಿಸಿದ ಫ್ರಾಕಿಂದು. ಗುಲಾಬಿದು ಪಂಚಮಿ ಮುಂದಿಂದು. ಈ ಬಿಳಿದು ಮೊನ್ನಿ ಪೆಟಿಗಿ ತುಂಬಿದ್ವಲ್ಲ, ಅದರದು."

ಬಸಂತರಾಯರು ಕೆಮ್ಮಿದರು. ನಾನು ಅವರ ಕಡೆ ನೋಡಲೇ ಇಲ್ಲ. ಒಂದೂ ಬಿಡದೆ ಬಂದವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ರಮಜಾನ ಎಂದರೆ ಏಪ್ರಿಲ್, ಪಂಚಮಿ ಎಂದರೆ ಆಗಸ್ಟ್ ಎಂದು ನಾನೇ ಬಿಡಿಸಿ ಹೇಳಿದೆ. ಅವಳು ಬರೆದುಕೊಂಡಳು, ಫೋಟೋ ತೆಗೆದಳು, ಬಾನುಬಿಗೆ ಕೈಮುಗಿದು ಹೋದಳು.

ಎರಡು ತಿಂಗಳಿಗೆ ಕಾಗದ ಬಂತು. ರಿಯಾಯಿತಿ ಇಲ್ಲ, ಹಿಂದಿನ ಸುಂಕವನ್ನೂ ಕಂಪನಿ ತುಂಬಬೇಕು, ಇನ್ನು ಮುಂದೆ ಇಲ್ಲಿಗೆ ಕೆಲಸ ಕೊಡುವುದಿಲ್ಲ. ಕಾರ್ಖಾನೆಗೆ ಬೀಗ ಬಿತ್ತು. ಸುಳ್ಳು ಬರೆದುಕೊಟ್ಟವರು ಬಸಂತರಾಯರು, ಬೈಸಿಕೊಂಡವಳು ಬಾನುಬಿ. ಆರು ವರ್ಷ ಒಂದೇ ಡಬ್ಬಿಯ ರೊಟ್ಟಿ ತಿಂದವರು, ಹದಿನೇಳು ಮನೆ ಮುಳುಗಿಸಿದಳೆಂದು ಸಂತೆಯಲ್ಲಿ ಮುಖ ತಿರುಗಿಸಿದರು. ಕೇಳಿ ನನಗೆ ಸಿಟ್ಟು ಬಂತು. ಸಮಾಧಾನ ಹೇಳಲು ಆಲಮೇಲಕ್ಕೆ ಹೋದೆ.

ಅವಳು ಮೈಬೂಬನ ಮಂಚದ ಪಕ್ಕ ಕುಳಿತಿದ್ದಳು.

"ನೀ ಖರೇನ ಹೇಳೀದಿ. ತಪ್ಪು ನಿಂದಲ್ಲ," ಎಂದೆ.

"ನನಗೇನು ಗೊತ್ತಿತ್ರಿ, ಮಾಸ್ತರ್ರ? ಆ ಅಕ್ಷರಾನೂ ಗೊತ್ತಿಲ್ಲ, ಸುಂಕಾನೂ ಗೊತ್ತಿಲ್ಲ. ನಿಮಗ ಗೊತ್ತಿತ್ತಲ್ರಿ," ಎಂದಳು. ದನಿ ಏರಿಸಲಿಲ್ಲ. "ಸುಮ್ಮನಿರು ಬಾನು, ಅಂತ ಒಂದ್ ಮಾತು ಯಾಕ ಅನ್ನಲಿಲ್ರಿ?"

ದಾರಿಯುದ್ದಕ್ಕೂ ನಾನು ಸತ್ಯದ ಬಗ್ಗೆ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಅಂದು ನನ್ನನ್ನು ನಡೆಸಿದ್ದು ಸತ್ಯವಲ್ಲ. ನಿವೃತ್ತನಾಗಿ ಎಂಟು ವರ್ಷಗಳ ಮೇಲೆ ಯಾರೋ ನನ್ನ ಇಂಗ್ಲಿಷಿಗೆ ತಲೆಯಾಡಿಸುತ್ತಿದ್ದರು, ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರು. ಆ ಹುರುಪಿನಲ್ಲಿ ಎದುರಿಗೆ ನಿಂತ ಬಾನುಬಿ ನನಗೆ ಕಾಣಲೇ ಇಲ್ಲ. ಇದನ್ನು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

"ಕಾಯ್ದೆ ಹಂಗೈತಿ, ಬಾನುಬಿ. ನಾ ಒಂದ್ ಮಾತು ಬಿಟ್ಟು ಹೇಳಿದ್ರ ನಿನ್ನ ಹಿಡೀತಿದ್ರು," ಎಂದೆ. ಅಂಥ ಕಾಯ್ದೆ ಯಾವುದೂ ಇರಲಿಲ್ಲ.

"ಹೌದೇನ್ರಿ?" ಎಂದು ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ಉಪಕಾರ ದೊಡ್ಡದೆಂದು ಹೇಳಿ, ಚಹಾಕ್ಕೆ ಇಡಲು ಎದ್ದಳು.