ಹಳೇ ಫೋಟೊಗಳ ಡೂಗಲ್

ಸ್ಕಾಟ್ಲೆಂಡಿನ ನಮ್ಮ ಕಲ್ಲಿದ್ದಲು ಗಣಿಯ ಊರುಗಳಲ್ಲೆಲ್ಲ ಡೂಗಲ್‌ನಂಥವನೊಬ್ಬ ಇದ್ದೇ ಇರುತ್ತಾನೆ. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಊರಿನ ಫುಟ್‌ಬಾಲ್ ತಂಡದ ಹಳೇ ಫೋಟೊಗಳು. ಗೆದ್ದ ಆಟ ಯಾರಿಗಾದರೂ ನೆನಪಿರುತ್ತದೆ. ಸೋತ ಆಟದಲ್ಲಿ ಚೆಂಡು ಯಾವ ಕಂಬಕ್ಕೆ ಬಡಿದು ವಾಪಸು ಬಂತು ಎನ್ನುವುದು ಡೂಗಲ್‌ಗೇ ಗೊತ್ತು. ಮಾಂಸ ತುಂಬಿದ ಪೈ ತಿಂದ ಜಿಡ್ಡು ಕೈಯನ್ನು ಕೋಟಿನ ತುದಿಗೆ ಒರೆಸಿಕೊಳ್ಳುವವನು ಫೋಟೊ ಮುಟ್ಟುವ ಮೊದಲು ಸೋಪು ಹಚ್ಚಿ ತೊಳೆಯುತ್ತಾನೆ. ಯಾರಾದರೂ ಒಬ್ಬ ಆಟಗಾರನ ಹೆಸರು ತಪ್ಪಿದರೆ ಸಾಕು, ಅವನಿಗೆ ಮೈಮೇಲೆ ಬರುತ್ತದೆ. ಒಮ್ಮೆ ಪಾದ್ರಿಗಳಿಗೇ, “ಬೈಬಲ್ ನೀವು ನೋಡ್ಕೊಳ್ಳಿ ಸ್ವಾಮಿ, ಫೋಟೊದ ಹಿಂದಿನ ಸಾಲಲ್ಲಿ ಯಾರ್ಯಾರಿದಾರೆ ಅನ್ನೋದು ನನಗ್ ಬಿಡಿ” ಅಂದುಬಿಟ್ಟ. ಅಂಥವನು ಪ್ರತಿ ಮಂಗಳವಾರ ನಮ್ಮ ಮನೆಗೆ ಬರುತ್ತಾನೆ. ನೆನಪು ಕಳೆದುಕೊಂಡು, ನನ್ನ ಹೆಸರನ್ನೂ ಮರೆತು, ದಿನವಿಡೀ ತುಟಿ ಬಿಚ್ಚದೆ ಕೂರುವ ನನ್ನ ಗಂಡ ರಾಬ್‌ನ ಮುಂದೆ ಒಂದು ಫೋಟೊ ಹಿಡಿದು, “ಈ ಗೋಲ್‌ಕೀಪರ್ ಲಾಂಬಿ ತಾನೇ?” ಎನ್ನುತ್ತಾನೆ. ರಾಬ್ ಕಣ್ಣರಳಿಸಿ, “ಲೋ ಪೆದ್ದ, ಪ್ರಿಂಗಲ್ ಕಣೋ ಅದು! ಕಣ್ಣು ಕಾಣಲ್ವಾ ನಿಂಗೆ?” ಎಂದು ಬೈಯುತ್ತಾನೆ. “ಹೌದಲ್ಲೋ, ನೀನಿಲ್ದಿದ್ರೆ ನನ್ನ ಗತಿ ಏನು!” ಎಂದು ಡೂಗಲ್ ತಲೆ ಕೆರೆದುಕೊಳ್ಳುತ್ತಾನೆ. ಮುಂದಿನ ವಾರ ಮತ್ತೆ ಅದೇ ಲಾಂಬಿ. ಹೋಗುವಾಗ ಬಾಗಿಲ ಹತ್ತಿರ ನಿಂತು, “ಇವತ್ತೂ ಬೈದ ಕಣಮ್ಮ ಎಫಿ” ಎಂದು ನನಗೆ ಮೆಲ್ಲಗೆ ಹೇಳುತ್ತಾನೆ, ನಮ್ಮ ತಂಡವೇ ಗೆದ್ದಿತೇನೋ ಎನ್ನುವಂತೆ.